ತೊಂಬತ್ತೊಂಬತ್ತು ತಾಮ್ರದ ಕೂಸುಗಳು

ಬಹಳ ಹಿಂದಿನ ಮಾತು. ಏಳು ಬೆಟ್ಟ ದಾಟಿದ ಮೇಲೆ ಒಂದು ರಾಜ್ಯ. ಕೊಪ್ಪರಗಿರಿ ಅಂತ ಹೆಸರು. ಅಲ್ಲಿ ಮಳೆ ಬೇಕಾದಾಗ ಬರುತ್ತಿತ್ತು, ಸಾಕು ಅಂದಾಗ ನಿಲ್ಲುತ್ತಿತ್ತು. ಹಸು ಕೇಳದೆ ಹಾಲು ಕೊಡುತ್ತಿತ್ತು. ಮರಗಳು ಮಾತಾಡುತ್ತಿದ್ದವು, ಆದರೆ ಕಡಿಮೆ. ಎಲ್ಲ ಇತ್ತು. ಒಂದು ಮಾತ್ರ ಇರಲಿಲ್ಲ. ಬೀದಿಯಲ್ಲಿ ಕೂಸಿನ ಸದ್ದು ಇರಲಿಲ್ಲ.

ಯಾಕೆ ಅಂದರೆ, ಊರಿನ ನೆತ್ತಿಯ ಮೇಲೆ ಒಂದು ತಾಮ್ರದ ಬೆಟ್ಟ. ಬೆಟ್ಟದ ಮೇಲೆ ಒಬ್ಬ ಮಾಯಗಾರ. ಸದ್ದುನುಂಗ ಅಂತ ಅವನ ಹೆಸರು. ಅವನಿಗೆ ಕಿವಿ ಇರಲಿಲ್ಲ. ಕಿವಿ ಇರಬೇಕಾದ ಕಡೆಯೂ ಬಾಯಿಯೇ. ಈ ಕೆನ್ನೆಯಿಂದ ಆ ಕೆನ್ನೆಯವರೆಗೆ, ತಲೆ ಸುತ್ತ, ಬರೀ ಬಾಯಿ. ಅವನು ಅನ್ನ ತಿನ್ನುತ್ತಿರಲಿಲ್ಲ. ಕೂಸಿನ ಅಳು ತಿನ್ನುತ್ತಿದ್ದ.

ಯಾವ ಕೂಸಿನ ಅಳು ಅವನು ನುಂಗಿದನೋ ಆ ಕೂಸು ತಾಮ್ರವಾಗುತ್ತಿತ್ತು. ಸಾಯುತ್ತಿರಲಿಲ್ಲ. ಕಣ್ಣು ತೆರೆದಿರುತ್ತಿತ್ತು. ಇಟ್ಟ ಕಡೆ ಇರುತ್ತಿತ್ತು. ಬೆರಳಿನಲ್ಲಿ ತಟ್ಟಿದರೆ ಠಣ್ ಅನ್ನುತ್ತಿತ್ತು. ಅರಮನೆಯಲ್ಲಿ ರಾಜನ ಮಗನೇ ಏಳು ವರ್ಷದಿಂದ ಚಿನ್ನದ ತೊಟ್ಟಿಲಲ್ಲಿ ತಾಮ್ರವಾಗಿ ಮಲಗಿದ್ದ. ಹೀಗೆ ತೊಂಬತ್ತೊಂಬತ್ತು ಕೂಸು. ಇನ್ನೊಂದು ಸಿಕ್ಕಿದರೆ ನೂರು. ನೂರಾದರೆ ಸದ್ದುನುಂಗನಿಗೆ ಸಾವಿಲ್ಲ, ತಾಮ್ರವಾದವರಿಗೆ ಬಿಡುಗಡೆಯಿಲ್ಲ.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಅಳುವ ಕೂಸನ್ನು ಕೈಯಿಂದ ಕೆಳಗಿಡಬಾರದು. ಅದು ಸುಮ್ಮನಾಗುವವರೆಗೆ ಹೊತ್ತೇ ಇರಬೇಕು. ಬಾಗಿಲು ಹಾಕಿಕೊಳ್ಳಬೇಕು. ಅಕ್ಕಪಕ್ಕದವರನ್ನು ಕರೆಯಬಾರದು. ಕರೆದರೆ ಮಾನ ಹೋಯಿತು. ಈ ಪದ್ಧತಿ ಯಾರು ಮಾಡಿದರು, ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ನಡೆಸುತ್ತಿದ್ದರು.

ಆ ಊರಿನಲ್ಲಿ ಗೂಳಯ್ಯ ಅಂತ ಒಬ್ಬ. ಬಿದಿರು ಕೆಲಸದವನು. ಮೊರ, ಬುಟ್ಟಿ, ತೊಟ್ಟಿಲು ಹೆಣೆಯುತ್ತಿದ್ದ. ಅವನ ಎಡಗೈ ಹೆಬ್ಬೆರಳಿಗೆ ಅರ್ಧ ಉಗುರಿಲ್ಲ. ಹುಡುಗನಾಗಿದ್ದಾಗ ಒಂದು ಸೀಳು ಬಾಗಲಿಲ್ಲ ಅಂತ ಸಿಟ್ಟು ಮಾಡಿ ಎಳೆದಿದ್ದ. ಬಿದಿರು ಸಿಡಿಯಿತು, ಮಚ್ಚು ಜಾರಿತು, ಉಗುರು ಹೋಯಿತು. ಆಗ ಅವನಪ್ಪ ಬೈಯಲಿಲ್ಲ. ಗಾಯಕ್ಕೆ ಬಟ್ಟೆ ಕಟ್ಟುತ್ತಾ ಒಂದು ಮಾತು ಹೇಳಿದ. ಕೈ ಬಿಸಿಯಾಯಿತು ಅಂದರೆ ಬಿದಿರು ಕೆಳಗಿಡು. ಎದ್ದು ಹೋಗು. ಕೈ ನೀರಿಗೆ ಅದ್ದು. ಒಂದು ಬುಟ್ಟಿಗೆ ನಲವತ್ತು ಕಡ್ಡಿ, ಅಷ್ಟು ಎಣಿಸಿ ಬಾ. ಬಿದಿರು ಎಲ್ಲಿಗೂ ಹೋಗಲ್ಲ. ಅವತ್ತಿನಿಂದ ಗೂಳಯ್ಯ ಹಾಗೇ ಮಾಡುತ್ತಿದ್ದ.

ಮದುವೆಯಾದ ಹೊಸದರಲ್ಲಿ ಹೆಂಡತಿ ಚೆಲುವಿಗೆ ಇದನ್ನು ಹೇಳಿದ್ದ. ಅವಳು ನಕ್ಕಿದ್ದಳು.

"ನನ್ನ ಮೇಲೆ ಸಿಟ್ಟು ಬಂದ್ರೆ ನನ್ನನ್ನೂ ಕೆಳಗಿಡ್ತೀಯಾ?"

"ಮೊದಲು ಎತ್ತಬೇಕಲ್ಲ" ಅಂದಿದ್ದ ಗೂಳಯ್ಯ.

ಚೆಲುವಿ ಮೈಕೈ ತುಂಬಿಕೊಂಡ ಹೆಂಗಸು. ಆ ಮಾತಿಗೆ ಮೊರ ತೆಗೆದುಕೊಂಡು ಅವನ ಬೆನ್ನಿಗೆ ಒಂದು ಕೊಟ್ಟಿದ್ದಳು. ಅವರ ಮನೆ ಹಾಗಿತ್ತು.

ಅವರಿಗೆ ಒಂದು ಹೆಣ್ಣು ಕೂಸು ಹುಟ್ಟಿತು. ಇನ್ನೂ ಹೆಸರಿಟ್ಟಿರಲಿಲ್ಲ. ಇಪ್ಪತ್ತು ದಿನ ಚೆನ್ನಾಗಿತ್ತು. ಇಪ್ಪತ್ತೊಂದನೆಯ ದಿನ ದೀಪ ಹಚ್ಚುವ ಹೊತ್ತಿಗೆ ಅಳು ಶುರು ಮಾಡಿತು. ಮುಖ ಕೆಂಪಗೆ. ಮುಷ್ಟಿ ಬಿಗಿ. ಕಾಲು ಹೊಟ್ಟೆಗೆ ಮಡಚಿಕೊಂಡಿತ್ತು. ಹಾಲು ಕೊಟ್ಟರು, ಕುಡಿದು ಮತ್ತೆ ಅತ್ತಿತು. ಬಟ್ಟೆ ನೋಡಿದರು, ಒಣಗಿತ್ತು. ಇರುವೆ ಕಚ್ಚಿದೆಯಾ ಅಂತ ಮೈಯೆಲ್ಲ ನೋಡಿದರು, ಇಲ್ಲ. ಹೆಗಲ ಮೇಲೆ ಹಾಕಿ ಬೆನ್ನು ಸವರಿದರು, ತೇಗಿತು, ಮತ್ತೆ ಅತ್ತಿತು. ಹಣೆ ಮುಟ್ಟಿದರು, ಜ್ವರವಿಲ್ಲ. ಊಟದ ಹೊತ್ತು ಕಳೆಯುವವರೆಗೂ ಅತ್ತಿತು. ಮಾರನೆಯ ಸಂಜೆಯೂ ಹಾಗೇ. ಅದರ ಮಾರನೆಯ ಸಂಜೆಯೂ ಹಾಗೇ.

ಊರ ವೈದ್ಯರು ಬಂದು ನೋಡಿದರು. ರೋಗ ಏನೂ ಇಲ್ಲ ಅಂದರು. ಕೆಲವು ಕೂಸು ಹೀಗೇ, ಮೂರು ನಾಲ್ಕು ತಿಂಗಳು ಸಂಜೆ ಸಂಜೆ ಅಳುತ್ತವೆ, ಆಮೇಲೆ ತಾವೇ ಬಿಡುತ್ತವೆ. ಜ್ವರ ಬಂದರೆ, ಹಾಲು ಬಿಟ್ಟರೆ, ಮೈ ಜೋತು ಬಿದ್ದರೆ ಮಾತ್ರ ಓಡಿ ಬನ್ನಿ. ಬರದಿದ್ದರೆ ಏನು ಮಾಡೋಣ ಅಂತ ಚೆಲುವಿ ಕೇಳಿದಳು. ತಡೆದುಕೊಳ್ಳಿ ಅಂದರು ವೈದ್ಯರು. ಹೇಗೆ ಅಂತ ಅವರು ಹೇಳಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ.

ಒಂದು ತಿಂಗಳು ತಡೆದುಕೊಂಡರು. ಚೆಲುವಿ ಕಣ್ಣ ಕೆಳಗೆ ಕಪ್ಪಾಯಿತು. ಗೂಳಯ್ಯ ಹೆಣೆದ ಬುಟ್ಟಿ ಸೊಟ್ಟಗಾಯಿತು. ಆ ಅಳು ಮೇಲೆ ಮೇಲೆ ಹೋಗಿ ತಾಮ್ರದ ಬೆಟ್ಟ ಮುಟ್ಟಿತು. ಸದ್ದುನುಂಗ ಎದ್ದು ಕೂತ. ತಲೆ ಸುತ್ತ ತುಟಿ ನೆಕ್ಕಿಕೊಂಡ. ಇದೇ ನೂರನೆಯದು ಅಂದ.

ಮೊದಲನೆಯ ಸಂಜೆ ಅವನು ಕಾಗೆಯನ್ನು ಕಳಿಸಿದ.

ದೀಪ ಹಚ್ಚಿದ್ದರು. ಕೂಸು ಅಳುತ್ತಿತ್ತು. ಬಾಗಿಲು ಹಾಕಿತ್ತು. ಕಿಟಕಿಗೆ ಒಂದು ಕಾಗೆ ಬಂದು ಕೂತಿತು. ಕೊಕ್ಕಿನಲ್ಲಿದ್ದ ಕರಿ ಬೀಜವನ್ನು ಕಟ್ಟೆಯ ಮೇಲಿಟ್ಟು ಮನುಷ್ಯರ ಹಾಗೆ ಮಾತಾಡಿತು. ಇದನ್ನು ತೇಯ್ದು ನಾಲಿಗೆಗೆ ಮುಟ್ಟಿಸಿ. ಕೂಸು ನಾಳೆ ಮಧ್ಯಾಹ್ನದವರೆಗೆ ಮಲಗುತ್ತದೆ. ನೀವೂ ಮಲಗಬಹುದು.

ಮಲಗಬಹುದು ಅನ್ನುವ ಮಾತಿಗೆ ಚೆಲುವಿ ಕಣ್ಣಲ್ಲಿ ನೀರು ಬಂತು. ಅವಳು ನಿದ್ದೆ ಮಾಡಿ ತಿಂಗಳಾಗಿತ್ತು. ಬೀಜ ಎತ್ತಿಕೊಂಡಳು. ತೇಯುವ ಕಲ್ಲು ಹತ್ತಿರ ಎಳೆದಳು. ನೀರು ಬಿಟ್ಟಳು. ಒಂದು ಸುತ್ತು ತೇಯ್ದಳು. ವಾಸನೆ ಎದ್ದಿತು. ಸುಟ್ಟ ಬೆಲ್ಲದ ವಾಸನೆ.

ಆ ವಾಸನೆ ಗೂಳಯ್ಯನಿಗೆ ಗೊತ್ತು. ಎರಡು ವರ್ಷದ ಹಿಂದೆ ಪಕ್ಕದ ಮನೆಗೆ ತೊಟ್ಟಿಲು ಕೊಡಲು ಹೋದಾಗ ಇದೇ ವಾಸನೆ ಇತ್ತು. ಮಾರನೆಯ ಬೆಳಿಗ್ಗೆ ಆ ಮನೆಯ ಕೂಸು ತಾಮ್ರವಾಗಿತ್ತು. ಅವನು ಕಲ್ಲನ್ನು ಕಾಲಿನಲ್ಲಿ ಒದ್ದ. ಬೀಜ ಹಾರಿ ಒಲೆಗೆ ಬಿತ್ತು. ಒಲೆಯೊಳಗಿಂದ ಹಾವಿನ ಹಾಗೆ ಎದ್ದು, ಬುಸ್ ಅಂದು, ಬೂದಿಯಾಯಿತು.

ಕಾಗೆ ರೆಕ್ಕೆ ಬಿಚ್ಚಿತು. ಗೂಳಯ್ಯ ಬಿಡಲಿಲ್ಲ. ಕೋಳಿ ಮುಚ್ಚುವ ಬುಟ್ಟಿ ಎತ್ತಿ ಎಸೆದ. ಕಾಗೆ ತೊಲೆಗೆ ಹಾರಿತು. ಮತ್ತೆ ಎಸೆದ. ದೀಪದ ಕಂಬಕ್ಕೆ ಹಾರಿತು. ಮೂರನೆಯ ಸಲ ಎಸೆದ. ಬುಟ್ಟಿ ಸರಿಯಾಗಿ ಕವಿಚಿಕೊಂಡಿತು. ಅವನು ಅದರ ಮೇಲೆ ಕೂತೇ ಬಿಟ್ಟ.

ಒಳಗಿಂದ ಕಾಗೆ ಅಳುವ ದನಿಯಲ್ಲಿ ಹೇಳಿತು. "ಗೂಳಯ್ಯಾ, ಮೆತ್ತಗೆ ಕೂರೋ. ನಾನು ಕಣೋ. ಪಕ್ಕದ ಮನೆ ಹಾಲಪ್ಪ."

ಹಾಲಪ್ಪ ಕುಂಬಾರ. ತನ್ನ ಕೂಸು ತಾಮ್ರವಾದ ಮೇಲೆ ಅವನೂ ಅವನ ಹೆಂಡತಿ ಗಂಗಿಯೂ ಅಳು ವಾಪಸ್ ಕೇಳಲು ಬೆಟ್ಟಕ್ಕೆ ಹೋಗಿದ್ದರು. ತಿರುಗಿ ಬಂದಿರಲಿಲ್ಲ. ಸದ್ದುನುಂಗ ಅವನನ್ನು ಕಾಗೆ ಮಾಡಿದ್ದ, ಅವಳನ್ನು ಹುಲಿ ಮಾಡಿದ್ದ. ಹೇಳಿದ ಕೆಲಸ ಮಾಡದೆ ಅವರಿಗೆ ಗತಿ ಇರಲಿಲ್ಲ.

ಬುಟ್ಟಿ ಎತ್ತಿದರೆ ಒಂದು ಗುಟ್ಟು ಹೇಳುತ್ತೇನೆ ಅಂತು ಕಾಗೆ. ಗೂಳಯ್ಯ ಎತ್ತಿದ. ಕಾಗೆ ಹೇಳಿತು. ಸದ್ದುನುಂಗ ತಾನಾಗಿ ಅಳು ಕಸಿದುಕೊಳ್ಳಲಾರ. ತಂದೆ ಕೈ, ಇಲ್ಲ ತಾಯಿ ಕೈ, ತಾನೇ ಕೊಡಬೇಕು. ಅದಕ್ಕೇ ಕೈ ಸೋಲುವುದನ್ನು ಕಾಯುತ್ತಾನೆ. "ನಮ್ಮ ಮನೇಲೂ ಎರಡೇ ಜೊತೆ ಕೈ ಇದ್ದವು. ಮೂರನೇದು ಬೇಕು ಅಂತ ನಮಗೆ ಹೊಳೀಲಿಲ್ಲ" ಅಂತು. ನನ್ನ ಅಮ್ಮನಿಗೆ ಹೇಳಬೇಡ, ಕಾಗೆಯಾಗಿದ್ದೇನೆ ಅಂದರೆ ನೊಂದುಕೊಳ್ಳುತ್ತಾಳೆ ಅಂತು. ಹಾರಿ ಹೋಯಿತು.

ಬೆಳಿಗ್ಗೆ ಗೂಳಯ್ಯ ಪದ್ಧತಿ ಮುರಿದ. ಪಕ್ಕದ ಮನೆ ಬಾಗಿಲು ತಟ್ಟಿದ.

ತಟ್ಟಿ ಏನು ಬಂತು. ಹಾಲಪ್ಪನ ತಾಯಿ ಸಣ್ಣೀರಜ್ಜಿಗೆ ಕಿವಿ ಕೇಳುವುದಿಲ್ಲ. ಅವನು ತಾನೇ ಒಳಗೆ ಹೋದ. ಅಜ್ಜಿ ತಾಮ್ರದ ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ದಿನಾ ಬೆಳಿಗ್ಗೆ ಉಜ್ಜುತ್ತಿದ್ದಳು. ಒಂದು ದಿನ ಬಿಟ್ಟರೆ ಕಪ್ಪಾಗುತ್ತಾನೆ ಅಂತ.

ಗೂಳಯ್ಯ ಕೈಸನ್ನೆ ಮಾಡಿದ. ತೋಳು ತೂಗಿದ. ಬಾಯಿ ದೊಡ್ಡದಾಗಿ ತೆಗೆದ. ತಲೆ ಹಿಡಿದುಕೊಂಡ. ನೆಲದ ಮೇಲೆ ಬಿದ್ದು ಸತ್ತವನ ಹಾಗೆ ಮಲಗಿದ.

ಅಜ್ಜಿ ನೋಡಿದಳು. ಹಲ್ಲು ನೋವಾ ಅಂತ ಕೇಳಿದಳು.

ಅವನು ಮತ್ತೆ ಮಾಡಿದ. ಅಜ್ಜಿಗೆ ಈಗ ತಿಳಿಯಿತು. ತಾಮ್ರದ ಕೆನ್ನೆ ಒರೆಸುತ್ತಾ ಕೂತಿದ್ದಳು.

"ಆವತ್ತು ನನ್ನ ಮಗ ನನ್ನನ್ನು ಕರೀಲಿಲ್ಲ" ಅಂದಳು. "ನಾನು ಗೋಡೆ ಆಚೆಗೇ ಇದ್ದೆ ಕಣಪ್ಪ. ಬಾಗಿಲು ಹಾಕ್ಕೊಂಡ್ರು. ನನಗೆ ಕೇಳಿಸ್ಲಿಲ್ಲ. ಬಂದು ಮುಟ್ಟಿದ್ರೆ ಎದ್ದು ಬರ್ತಿದ್ದೆ."

ಸಂಜೆಗೆ ಬರುತ್ತೇನೆ ಅಂದಳು.

ಎರಡನೆಯ ಸಂಜೆ ಸದ್ದುನುಂಗ ಹುಲಿಯನ್ನು ಕಳಿಸಿದ.

ಬೀದಿಯಲ್ಲಿ ಗೆಜ್ಜೆ ಸದ್ದು. ನಾಲ್ಕು ಕರಡಿ ಒಂದು ಬೆಳ್ಳಿ ಪಲ್ಲಕ್ಕಿ ಹೊತ್ತು ಬಂದವು. ಮುಂದೆ ಒಂದು ಹೆಣ್ಣು ಹುಲಿ, ಎರಡು ಕಾಲಿನ ಮೇಲೆ ನಡೆದು ಬರುತ್ತಿತ್ತು. ಮುಂಗಾಲಿನಲ್ಲಿ ಎರಡೆರಡು ಹಸಿರು ಬಳೆ. ಬಾಗಿಲು ತಾನೇ ತೆರೆದುಕೊಂಡಿತು. ಪಲ್ಲಕ್ಕಿಯೊಳಗೆ ಹಂಸದ ಗರಿ ಹಾಸಿಗೆ, ಹಾಲಿನ ಬಟ್ಟಲು, ತಾನೇ ತೂಗುವ ತೊಟ್ಟಿಲು. ಕೂಸನ್ನು ಕೊಡು, ನಾನು ಬೆಟ್ಟದ ಮೇಲೆ ಸಾಕಿ, ಅಳು ನಿಂತ ಮೇಲೆ ತಂದುಕೊಡುತ್ತೇನೆ ಅಂತು ಹುಲಿ. ಅದು ಚೆಲುವಿಯ ಮುಖ ನೋಡಲಿಲ್ಲ. ನೆಲ ನೋಡುತ್ತಾ ಹೇಳಿತು.

ಕೂಸು ಕಿರುಚುತ್ತಿತ್ತು. ಚೆಲುವಿ ನಿಂತಲ್ಲೇ ತೂಕಡಿಸುತ್ತಿದ್ದಳು. ಏನು ಕೇಳಿಸಿತೋ, ಏನು ಕೇಳಿಸಲಿಲ್ಲವೋ. ಎರಡು ಕೈ ಮುಂದೆ ಚಾಚಿದಳು. ಕೈ ಮೇಲೆ ಕೂಸು. ಗೂಳಯ್ಯ ಹಿತ್ತಲಲ್ಲಿ ನೀರು ಸೇದುತ್ತಿದ್ದವನು ಕೊಡ ಬಿಟ್ಟು ಓಡಿ ಬಂದ. ಮುಟ್ಟುವಷ್ಟು ಹೊತ್ತಿರಲಿಲ್ಲ. ಹುಲಿಯ ಪಂಜ ಕೂಸಿನ ಬಟ್ಟೆ ಸೋಕಿತು.

ಅಷ್ಟರಲ್ಲಿ ನಡುವೆ ಒಂದು ಸುಕ್ಕುಗಟ್ಟಿದ ಕೈ ಬಂತು. ಸಣ್ಣೀರಜ್ಜಿ. ಕೂಸನ್ನು ಚೆಲುವಿ ಕೈಯಿಂದ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು. ಹುಲಿಯನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ಕಣ್ಣೂ ಮಂಜು.

"ಯಾವಳೇ ನೀನು? ಬಾಣಂತಿ ಮನೆ ಹೊಸ್ತಿಲು ಮೇಲೆ ಕಾಲಿಡ್ತೀಯಲ್ಲ, ಕಾಲು ತೊಳೆದಿದೀಯಾ?"

ಹುಲಿ ಕಾಲು ಹಿಂದಕ್ಕೆ ತೆಗೆದುಕೊಂಡಿತು. ತಲೆ ತಗ್ಗಿಸಿತು. ಸೊಸೆಯಾಗಿದ್ದಾಗ ಹೇಗೆ ನಿಲ್ಲುತ್ತಿದ್ದಳೋ ಹಾಗೇ ನಿಂತಿತು. ಕರಡಿಗಳೂ ತಲೆ ತಗ್ಗಿಸಿದವು.

ಅಜ್ಜಿ ಕೂಸನ್ನು ಹೊತ್ತು ಅಂಗಳದಲ್ಲಿ ತಿರುಗಿದಳು. ಕೂಸು ಅವಳ ಕಿವಿಯ ಹತ್ತಿರವೇ ಬಾಯಿಟ್ಟು ಕಿರುಚಿತು. ಅಜ್ಜಿ ಎಲೆ ಅಡಿಕೆ ಅಗಿಯುತ್ತಾ ಆರಾಮಾಗಿ ತಿರುಗಿದಳು. ಅಳಲಿ ಬಿಡು, ನನಗೇನು ಕೇಳಿಸುತ್ತಾ ಅಂದಳು. ಚೆಲುವಿ ತಿಂಗಳಾದ ಮೇಲೆ ಮೊದಲ ಸಲ ನಕ್ಕಳು. ನಗುತ್ತಾ ನಗುತ್ತಾ ಗೋಡೆಗೆ ಒರಗಿದಳು. ಹಾಗೇ ನಿದ್ದೆ ಹೋದಳು.

ಹುಲಿ ಹೊಸ್ತಿಲಾಚೆಯಿಂದ ಗೂಳಯ್ಯನಿಗೆ ಎರಡನೆಯ ಗುಟ್ಟು ಹೇಳಿತು. ಯಾವ ಕೂಸಿನ ಅಳು, ಯಾರೂ ಕೊಡದೆ, ಸದ್ದುನುಂಗನ ಕಣ್ಣೆದುರಿಗೆ ತಾನೇ ಶುರುವಾಗಿ ತಾನೇ ನಿಲ್ಲುತ್ತದೋ, ಅವತ್ತು ಅವನ ಹೊಟ್ಟೆ ಒಡೆಯುತ್ತದೆ. ಆದರೆ ಈ ರಾಜ್ಯದಲ್ಲಿ ಯಾವ ಅಳುವನ್ನೂ ಅವನೆದುರು ತಾನೇ ನಿಲ್ಲುವವರೆಗೆ ಯಾರೂ ಬಿಟ್ಟಿಲ್ಲ. ಹೊತ್ತು ಹೊತ್ತು ಕೈ ಸೋಲುತ್ತದೆ. ಸೋತ ಕೈ ಬಿಸಿಯಾಗುತ್ತದೆ. ಬಿಸಿ ಕೈಯೊಳಕ್ಕೆ ಅವನು ಹೊಗುತ್ತಾನೆ. "ನಾಳೆ ಅವನೇ ಬರ್ತಾನೆ" ಅಂತು ಹುಲಿ. "ನಿನ್ನ ಕೈಯೊಳಗೇ ಬರ್ತಾನೆ. ಕೂಸನ್ನ ಅಲ್ಲಾಡಿಸಬೇಕು ಅನ್ನಿಸುತ್ತೆ. ಒಂದು ಸಲ ಜೋರಾಗಿ ಅಲ್ಲಾಡಿಸಿದ್ರೆ ಮುಗೀತು."

ಗೂಳಯ್ಯ ಮಾರನೆಯ ದಿನ ಒಂದು ತೊಟ್ಟಿಲು ಹೆಣೆದ. ತೂಗುವ ತೊಟ್ಟಿಲಲ್ಲ. ನೆಲದ ಮೇಲೆ ಕೂರುವ ಮೊರದಂಥದ್ದು. ತಳ ಗಟ್ಟಿ, ಸಮ. ಅಂಚು ಗೇಣುದ್ದ ಎತ್ತರ. ದಿಂಬು ಇಲ್ಲ, ಮೆತ್ತೆ ಇಲ್ಲ. ಮೇಲೆ ಒಂದು ತೆಳು ಬಟ್ಟೆ ಬಿಗಿಯಾಗಿ ಹಾಸಿದ. ಯಾಕೆ ಅಂತ ಚೆಲುವಿ ಕೇಳಿದಳು. ಇರಲಿ ಅಂದ. ಸಂಜೆ ಅವಳು ಹಾಲು ಕೊಟ್ಟು ಅಜ್ಜಿ ಮನೆಗೆ ಹೋಗಿ ಒಂದು ನಿದ್ದೆ ಮಾಡುವುದು, ಅಷ್ಟು ಹೊತ್ತು ಗೂಳಯ್ಯ ಹೊರುವುದು, ಆಮೇಲೆ ಅಜ್ಜಿ ಬರುವುದು, ಆಮೇಲೆ ಚೆಲುವಿ. ಹೀಗೆ ಮೂರು ಜೊತೆ ಕೈಗೆ ಸರದಿ ಮಾಡಿಕೊಂಡರು.

ಮೂರನೆಯ ಸಂಜೆ ಸದ್ದುನುಂಗ ತಾನೇ ಬಂದ.

ಮೊದಲು ಬೆಟ್ಟ ಗುಡುಗಿತು. ಆಮೇಲೆ ಗೂಳಯ್ಯನ ಮನೆ ಸುತ್ತ ನೆಲದ ಮೇಲೆ ಒಂದು ತಾಮ್ರದ ಗೆರೆ ಎದ್ದಿತು. ಅದನ್ನು ದಾಟಿ ಯಾರೂ ಒಳಗೆ ಬರುವ ಹಾಗಿಲ್ಲ. ಅಜ್ಜಿ ಓಡಿ ಬಂದಳು, ಗೆರೆಗೆ ತಾಗಿ ಕೂತುಬಿಟ್ಟಳು. ಚೆಲುವಿ ನಿದ್ದೆಯಿಂದ ಎದ್ದು ಓಡಿ ಬಂದಳು, ಅವಳೂ ಆಚೆ. ಬೀದಿಯವರೆಲ್ಲ ಬಂದರು. ಸುದ್ದಿ ತಿಳಿದು ರಾಜನೂ ರಾಣಿಯೂ ತಾಮ್ರದ ಮಗನನ್ನು ಎತ್ತಿಕೊಂಡು ಬಂದರು. ಎಲ್ಲರಿಗೂ ಗೊತ್ತು. ಇದು ನೂರನೆಯದು.

ಒಳಗೆ ಗೂಳಯ್ಯ ಒಬ್ಬನೇ. ತೋಳಿನಲ್ಲಿ ಕೂಸು. ಬಾಗಿಲು ತೆರೆದೇ ಇತ್ತು, ಎಲ್ಲರಿಗೂ ಕಾಣುತ್ತಿತ್ತು.

ಸದ್ದುನುಂಗ ಸೂರಿನಿಂದ ಹೊಗೆಯಾಗಿ ಇಳಿದ. ಗೂಳಯ್ಯನ ಹತ್ತು ಉಗುರಿನ ಸಂದಿಯಿಂದ ಕೈಯೊಳಕ್ಕೆ ಹೊಕ್ಕ. ಮೊಣಕೈವರೆಗೆ ಏರಿದ. ಭುಜದವರೆಗೆ ಏರಿದ. ಕೂಸು ಅಳುತ್ತಿತ್ತು. ಆ ಅಳು ಈಗ ಸೂಜಿಯಾಗಿ, ಸೂಜಿ ದಬ್ಬಳವಾಗಿ, ದಬ್ಬಳ ಗರಗಸವಾಗಿ ಗೂಳಯ್ಯನ ತಲೆಯೊಳಗೆ ಆಡಿತು. ಇವಳು ಬೇಕಂತಲೇ ಅಳುತ್ತಾಳೆ ಅನ್ನಿಸಿತು. ನನ್ನನ್ನು ಸೋಲಿಸಲು ಅಳುತ್ತಾಳೆ ಅನ್ನಿಸಿತು. ಒಂದು ಸಲ ಅಲ್ಲಾಡಿಸು, ಒಂದೇ ಸಲ, ನಿಲ್ಲುತ್ತದೆ ಅಂತು ಕೈ. ಕೈಯೇ ಹೇಳಿತು. ಎರಡು ಕೈ ಕೂಸಿನ ಪಕ್ಕೆ ಹಿಡಿದು ಮೇಲಕ್ಕೆತ್ತಿದವು. ಕೂಸಿನ ಕತ್ತು ಇನ್ನೂ ನಿಂತಿರಲಿಲ್ಲ. ತಲೆ ತೊಟ್ಟಿನ ಮೇಲಿನ ಹೂವಿನ ಹಾಗೆ ಹಿಂದಕ್ಕೆ ವಾಲಿತು.

ಗೆರೆಯಾಚೆಯಿಂದ ಚೆಲುವಿ ನೋಡಿದಳು. ಗಂಡನ ಕೈ ಕಂಡಳು. ಆ ಕೈ ಅವಳಿಗೆ ಗೊತ್ತು. ಅರ್ಧ ಉಗುರಿಲ್ಲದ ಹೆಬ್ಬೆರಳು ಕೆಂಪಗೆ ಕಾದ ಕಬ್ಬಿಣದ ಹಾಗಿತ್ತು.

"ಕೈ ಬಿಸಿಯಾಯ್ತು ಕಣೋ" ಅಂದಳು. "ಕೆಳಗಿಡು."

ಬೀದಿಯವರೆಲ್ಲ ತಿರುಗಿ ಅವಳನ್ನು ನೋಡಿದರು. ಅಳುವ ಕೂಸನ್ನು ಕೆಳಗಿಡು ಅನ್ನುವ ತಾಯಿಯನ್ನು ಅವರು ಕಂಡಿರಲಿಲ್ಲ. ಥೂ ಅಂದವರು ಇದ್ದರು. ಇಡಬೇಡ ಗೂಳಯ್ಯ, ಇಡಬೇಡ ಅಂತ ಕೂಗಿದರು. ರಾಜನೂ ಕೂಗಿದ. ಗೂಳಯ್ಯನಿಗೆ ಅದೆಲ್ಲ ಕೇಳಿಸಿತು. ಆದರೆ ಹೆಂಡತಿ ದನಿ ಬೇರೆ. ಅದು ಕಿವಿಗೆ ಬರಲಿಲ್ಲ, ನೇರ ಕೈಗೆ ಬಂತು.

ಅವನು ಮಂಡಿಯೂರಿದ. ಒಂದು ಕೈ ತಲೆಯ ಕೆಳಗೆ ಕೊಟ್ಟ. ಕೂಸನ್ನು ಹೊಸ ತೊಟ್ಟಿಲಲ್ಲಿ ಅಂಗಾತ ಮಲಗಿಸಿದ. ಮುಖದ ಹತ್ತಿರ ಏನೂ ಇಲ್ಲ ಅಂತ ನೋಡಿದ. ಕೈ ಬಿಟ್ಟ. ಎದ್ದ. ಅಂಗಳಕ್ಕೆ ಬಂದ.

ಕೂಸು ಅಳುತ್ತಿತ್ತು.

ಅಂಗಳದಲ್ಲಿ ನೀರಿನ ಹಂಡೆ ಇತ್ತು. ಎರಡು ಕೈ ಮೊಣಕೈವರೆಗೆ ಅದ್ದಿದ. ನೀರು ಕೊತಕೊತ ಕುದಿಯಿತು. ಹಬೆ ಮರದೆತ್ತರ ಎದ್ದಿತು. ಹಬೆಯೊಳಗಿಂದ ಸದ್ದುನುಂಗ ಕಿರುಚಿಕೊಂಡು ಆಚೆ ಬಿದ್ದ. ಗೂಳಯ್ಯ ಎಣಿಸಿದ. ಒಂದು ಕಡ್ಡಿ. ಎರಡು ಕಡ್ಡಿ. ಮೂರು ಕಡ್ಡಿ. ನಲವತ್ತಾಯಿತು. ಒಳಗೆ ಹೋದ. ಹಣೆ ಮುಟ್ಟಿದ, ಜ್ವರವಿಲ್ಲ. ಬಟ್ಟೆ ಮುಟ್ಟಿದ, ಒದ್ದೆ. ಬದಲಾಯಿಸಿದ. ಎತ್ತಿಕೊಂಡ. ಎದೆಗೆ ಒರಗಿಸಿಕೊಂಡು ತಿರುಗಿದ. ಕೂಸು ಅಳುತ್ತಿತ್ತು.

ಸದ್ದುನುಂಗ ಮತ್ತೆ ಹೊಕ್ಕ. ಕೈ ಮತ್ತೆ ಬಿಸಿಯಾಯಿತು. ಈ ಸಲ ಚೆಲುವಿ ಹೇಳಬೇಕಾಗಲಿಲ್ಲ. ಮಲಗಿಸಿದ. ಎದ್ದ. ಕೈ ಅದ್ದಿದ. ನೀರು ಕುದಿಯಲಿಲ್ಲ, ಬೆಚ್ಚಗಾಯಿತು. ಸದ್ದುನುಂಗ ಮತ್ತೆ ಆಚೆ ಬಿದ್ದ. ಅವನಿಗೆ ದಿಕ್ಕು ತೋಚಲಿಲ್ಲ. ಅಳು ಕಣ್ಣೆದುರಿಗೇ ಇದೆ. ಕೊಡುವ ಕೈ ಇಲ್ಲ. ಕೂಸಿನ ಸುತ್ತ ಸುತ್ತಿದ, ಬಾಯಿ ತೆರೆದ, ಮುಚ್ಚಿದ. ಹೊಟ್ಟೆ ಉಬ್ಬುತ್ತಾ ಬಂತು. ಗೂಳಯ್ಯ ನಲವತ್ತು ಎಣಿಸಿದ. ಒಳಗೆ ಹೋದ. ನೋಡಿದ. ಎತ್ತಿಕೊಂಡ.

ಬೀದಿ ಈಗ ಸುಮ್ಮನಾಗಿತ್ತು. ಯಾರೋ ಒಬ್ಬ ಹೆಂಗಸು ಮೆಲ್ಲಗೆ ಎಣಿಸಲು ಶುರು ಮಾಡಿದಳು. ತಿರುಗಿ ನೋಡಿದರೆ ರಾಣಿ.

ಮೂರನೆಯ ಸಲ ಗೂಳಯ್ಯ ಕೂಸನ್ನು ಮಲಗಿಸಿ ಕೈ ಅದ್ದಿದಾಗ ನೀರು ತಣ್ಣಗೇ ಇತ್ತು. ಸದ್ದುನುಂಗ ಅವನ ಕೈಯೊಳಗೆ ಇರಲೇ ಇಲ್ಲ. ಹೊಗಲು ಬಿಸಿ ಸಾಲದೆ, ತೊಟ್ಟಿಲ ಪಕ್ಕ ಕಡಾಯಿಯಷ್ಟು ಹೊಟ್ಟೆ ಇಟ್ಟುಕೊಂಡು ಕೂತಿದ್ದ. ಗೂಳಯ್ಯ ಎಣಿಸಿದ. ಗೆರೆಯಾಚೆ ಇಡೀ ಊರು ಎಣಿಸಿತು. ಹತ್ತು ಕಡ್ಡಿ. ಇಪ್ಪತ್ತು ಕಡ್ಡಿ. ರಾಜ ಬೆರಳು ಮಡಚಿ ಎಣಿಸಿದ. ಮೂವತ್ತು. ಮೂವತ್ತೇಳು. ಮೂವತ್ತೆಂಟು.

ಕೂಸು ಒಂದು ಸಲ ಬಿಕ್ಕಿತು. ಇನ್ನೊಂದು ಸಲ ಬಿಕ್ಕಿತು. ಮುಷ್ಟಿ ಬಿಚ್ಚಿತು. ಆಕಳಿಸಿತು. ದೀಪ ನೋಡಿತು. ಅಳು ನಿಂತಿತ್ತು. ಯಾರೂ ನಿಲ್ಲಿಸಿರಲಿಲ್ಲ. ತಾನೇ ನಿಂತಿತ್ತು.

ಸದ್ದುನುಂಗ ನಿಂತ. ನೂರು ವರ್ಷದಿಂದ ಅವನು ಊರಿನವರೆದುರು ಮಾತಾಡಿರಲಿಲ್ಲ, ಈಗ ಮಾತಾಡಿದ. ಇಡಬಾರದು ಅಂತ ಹೇಳಿದ್ದೆನಲ್ಲ ಅಂದ. ಬಳೆಗಾರನ ವೇಷ ಹಾಕಿ ಮನೆಮನೆಗೆ ಹೋಗಿ ಪದ್ಧತಿ ಹೇಳಿಕೊಟ್ಟಿದ್ದೆನಲ್ಲ ಅಂದ. ಆಗ ಊರಿಗೆಲ್ಲ ತಿಳಿಯಿತು, ಪದ್ಧತಿ ಯಾರದು ಅಂತ. ಅಷ್ಟು ಹೇಳಿ ಅವನು ಢಂ ಅಂತ ಒಡೆದ. ಒಡೆದ ಕಡೆ ಒಂದು ಹಿಡಿ ಹಸಿರು ಕಿಲುಬು ಉಳಿಯಿತು. ಅಷ್ಟೇ.

ಅವನ ಹೊಟ್ಟೆಯಿಂದ ತೊಂಬತ್ತೊಂಬತ್ತು ಅಳು ಗುಬ್ಬಿ ಹಿಂಡಿನ ಹಾಗೆ ಹಾರಿದವು. ಬೀದಿ ಬೀದಿಗೆ, ಮನೆ ಮನೆಗೆ. ಯಾವ ಅಳು ಯಾವ ಬಾಯಿಯದು ಅಂತ ಅವಕ್ಕೆ ಗೊತ್ತಿತ್ತು. ಒಂದು ಬಾಯಿಯೂ ತಪ್ಪಲಿಲ್ಲ. ರಾಣಿಯ ತೋಳಿನಲ್ಲಿ ಠಣ್ ಅನ್ನುತ್ತಿದ್ದ ಕೂಸು ಮೆತ್ತಗಾಯಿತು, ಬೆಚ್ಚಗಾಯಿತು, ಅವಳ ಕಿರೀಟ ಎಳೆದು ಬಾಯಿ ಬಿಟ್ಟು ಅತ್ತಿತು. ಊರಿನ ತುಂಬ ತೊಂಬತ್ತೊಂಬತ್ತು ಕೂಸು ಒಟ್ಟಿಗೆ ಅತ್ತವು. ನಾಯಿಗಳು ಓಡಿ ಹೋದವು. ಮರಗಳು ಕೊಂಬೆಯಲ್ಲಿ ಕಿವಿ ಮುಚ್ಚಿಕೊಂಡವು. ದೊಡ್ಡವರು ಬೀದಿಯಲ್ಲಿ ನಿಂತು ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಅಷ್ಟು ಗದ್ದಲ, ಅಷ್ಟು ಚೆಂದದ ಗದ್ದಲ ಆ ರಾಜ್ಯ ಕೇಳಿರಲಿಲ್ಲ.

ಸೂರಿನ ಮೇಲೆ ಕೂತಿದ್ದ ಕಾಗೆ ಹಾಲಪ್ಪನಾಗಿ, ಹೆಂಚು ಒಡೆದುಕೊಂಡು ಒಳಗೆ ಬಿದ್ದ. ಬೀದಿ ಕೊನೆಯಲ್ಲಿ ಹುಲಿ ಚರ್ಮ ಕಳಚಿ ಗಂಗಿಯಾಗಿ ಓಡಿ ಬಂದಳು. ಕರಡಿಗಳೂ ಯಾರ ಯಾರ ಮನೆಯವರೋ ಆಗಿ ತಮ್ಮ ತಮ್ಮ ಮನೆಗೆ ಓಡಿದವು. ತಾಮ್ರದ ಗೆರೆ ಕರಗಿ ಹೋಯಿತು. ಚೆಲುವಿ ಒಳಗೆ ಬಂದಳು. ಗಂಡನ ಕೈ ಹಿಡಿದು ನೋಡಿದಳು. ತಣ್ಣಗಿತ್ತು. ಆ ಕೈಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡಳು. ಹೆಂಡತಿ ಹತ್ತಿರ ಇದ್ದಾಗ ಅಷ್ಟು ಸಾಕು.

ಮಾರನೆಯ ದಿನ ರಾಜ ಡಂಗುರ ಹೊಡೆಸಿದ. ಹಳೆ ಪದ್ಧತಿ ಇಂದಿಗೆ ಮುಗಿಯಿತು. ಪ್ರತಿ ಮನೆಯಲ್ಲೂ ಗೂಳಯ್ಯನ ತೊಟ್ಟಿಲು ಇರಬೇಕು. ಕೂಸು ಅತ್ತರೆ ಮೊದಲು ನೋಡಿ, ಎತ್ತಿಕೊಳ್ಳಿ. ಕೈ ಬಿಸಿಯಾದರೆ ಅಂಗಾತ ಮಲಗಿಸಿ, ಆಚೆ ಬಂದು, ನಲವತ್ತು ಎಣಿಸಿ ಹೋಗಿ. ಆಗದಿದ್ದರೆ ಪಕ್ಕದ ಮನೆ ಬಾಗಿಲು ತಟ್ಟಿ. ತಟ್ಟಿದವರನ್ನು ನೋಡಿ ನಕ್ಕರೆ ಅರಮನೆಯ ತೊಂಬತ್ತು ಹಂಡೆ ತೊಳೆಯುವ ಶಿಕ್ಷೆ.

ಗೂಳಯ್ಯನ ಮಗಳಿಗೆ ಹೆಸರಿಟ್ಟರು. ಸೊಲ್ಲವ್ವ ಅಂತ. ಹೆಸರಿಡುವ ಹೊತ್ತಿಗೆ ಅವಳು ಅಳುತ್ತಿದ್ದಳು, ಕಿವಿಯಲ್ಲಿ ಹೇಳಿದ ಹೆಸರು ಅವಳಿಗೇ ಕೇಳಿಸಲಿಲ್ಲ. ಆಮೇಲೆ ಇನ್ನೂ ಎರಡು ತಿಂಗಳು ಸಂಜೆ ಸಂಜೆ ಅತ್ತಳು. ಒಂದು ಸಂಜೆ ಅಳಲಿಲ್ಲ. ಗೂಳಯ್ಯ, ಚೆಲುವಿ, ಅಜ್ಜಿ ಮೂವರೂ ಸರದಿಗೆ ಕಾದು ಕೂತಿದ್ದರು. ಅವಳು ಬಿದಿರು ಕಡ್ಡಿ ನೋಡುತ್ತಾ ಮಲಗಿದ್ದಳು.

ಅಜ್ಜಿಯ ಮಾತು ಒಂದು ಬಾಕಿ ಇದೆ. ಸದ್ದುನುಂಗ ಒಡೆದ ಸಂಜೆ ಅಜ್ಜಿಗೆ ಏನೂ ಕೇಳಿಸಿರಲಿಲ್ಲ. ಎಲ್ಲರೂ ಯಾಕೆ ನಗುತ್ತಾರೆ ಅಂತ ತಿಳಿಯದೆ ಮನೆಗೆ ಹೋದಳು. ಮೊಮ್ಮಗನನ್ನು ಉಜ್ಜೋಣ ಅಂತ ಹುಣಸೆಹಣ್ಣು ತೆಗೆದುಕೊಂಡಳು. ಎದೆ ಮೇಲೆ ಕೈ ಇಟ್ಟಳು. ಕೈ ಕೆಳಗೆ ಬಿಸಿ ಇತ್ತು. ಗಡಗಡ ಅದುರುತ್ತಿತ್ತು. ಬಾಯಿ ನೋಡಿದಳು, ತೆರೆದಿತ್ತು. ಕಣ್ಣಲ್ಲಿ ನೀರಿತ್ತು. ಹಾಲಪ್ಪ, ಗಂಗಿ ಬಾಗಿಲಲ್ಲಿ ನಿಂತಿದ್ದರು.

ಅಜ್ಜಿ ಕೈ ತೆಗೆಯಲಿಲ್ಲ. ಹುಣಸೆಹಣ್ಣು ಪಕ್ಕಕ್ಕಿಟ್ಟಳು.

"ಬನ್ನಿ, ಬನ್ನಿ" ಅಂದಳು. "ಎಷ್ಟು ಜೋರಾಗಿ ಅಳ್ತಾನೆ, ಮುಟ್ಟಿ ನೋಡಿ."

ಅವರೆಲ್ಲ ಅಲ್ಲಿ ಸುಖವಾಗಿದ್ದರು. ಆ ರಾಜ್ಯದಲ್ಲಿ ಈಗಲೂ ದೀಪ ಹಚ್ಚುವ ಹೊತ್ತಿಗೆ ಕೂಸುಗಳು ಅಳುತ್ತವೆ. ಬೇಕಾದಷ್ಟು ಅಳುತ್ತವೆ. ಬಾಗಿಲುಗಳು ತೆರೆದಿರುತ್ತವೆ.